ಬಾಡಿಗೆ ಮನೆಯಲ್ಲೊಂದು ಕಡತಗಳ ಉಗ್ರಾಣ

ವಿಶಾಖಪಟ್ಟಣದಿಂದ ಕೊತ್ತವಲಸೆಯ ಕಡೆಗೆ ಸಾಗುವ ರೈಲುದಾರಿಯಲ್ಲಿ ಸಿಂಹಾಚಲವನ್ನು ದಾಟಿದ ಮೇಲೆ ಸಿಕ್ಕುವ ನಿಲ್ದಾಣ ಪೆಂಡುರ್ತಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ಮಹಾನಗರಪಾಲಿಕೆಯ ಎಲ್ಲೆಯೊಳಗೆ ಸೇರಿಕೊಂಡಿರುವ ಈ ಊರಿನಲ್ಲಿ ಬಂದರು, ರೈಲ್ವೆ, ಉಕ್ಕಿನ ಕಾರ್ಖಾನೆ, ಬ್ಯಾಂಕು, ಹೋಟೆಲು ಎಂದು ನಾನಾ ಉದ್ಯೋಗಗಳ ಸಂಬಳದವರು ಬಾಡಿಗೆ ಮನೆ ಹಿಡಿದು ವಾಸಿಸುತ್ತಾರೆ. ಪೇಟೆಯ ನಡುವೆ ಬಾಡಿಗೆ ತೆರಲಾರದ ನಮ್ಮಂತಹವರಿಗೆ ಇಂತಹ ಹೊರವಲಯವೇ ಗತಿಯಲ್ಲವೇ? ಇಂದು ಇಂತಹ ಬಡಾವಣೆಗಳ ಕಂಬಗಳಲ್ಲಿ ವಿದ್ಯುತ್ ತಂತಿಯ ಜೊತೆಗೆ ಫೈಬರ್ ತಂತಿಯೂ ಜೋತುಬಿದ್ದಿರುತ್ತದೆ. ಅದು ಮನೆಯೊಳಕ್ಕೆ ಸಿನಿಮಾ, ಹಾಡು, ವರ್ತಮಾನ ಎಲ್ಲವನ್ನೂ ತಂದು ಸುರಿಯುತ್ತದೆ. ಅದೇ ತಂತಿಯ ಮೂಲಕ ನಮ್ಮ ಮನೆಯಿಂದ ಹೊರಕ್ಕೂ ಏನನ್ನಾದರೂ ಕಳುಹಿಸಬಹುದೆ, ನಮ್ಮ ಕಡತಗಳನ್ನು ನಮ್ಮ ಮನೆಯಲ್ಲಿಯೇ ಇಟ್ಟುಕೊಂಡು ದೂರದ ಊರಿನ ನಮ್ಮವರಿಗೆ ಒದಗಿಸಬಹುದೆ ಎಂಬುದು ಇಂದು ನಾವು ಎತ್ತಿಕೊಂಡಿರುವ ವಿಚಾರ.

ಈ ವಿಚಾರಕ್ಕೆ ಪೆಂಡುರ್ತಿಗಿಂತ ತಕ್ಕ ಸ್ಥಳ ಸಿಕ್ಕುವುದು ಕಷ್ಟ. ಗೂಗಲ್ ಸಂಸ್ಥೆಯು ಇದೇ ವಿಶಾಖಪಟ್ಟಣದಲ್ಲಿ ಐದು ವರ್ಷಗಳ ಅವಧಿಯಲ್ಲಿ 15 ಬಿಲಿಯನ್ ಡಾಲರ್, ಎಂದರೆ ಒಂದು ಲಕ್ಷ ಕೋಟಿ ರೂಪಾಯಿಗೂ ಮೀರಿದ ಮೊತ್ತವನ್ನು ತೊಡಗಿಸಿ ಬೃಹತ್ತಾದ ದತ್ತಾಂಶ ಕೇಂದ್ರವನ್ನು ಕಟ್ಟುವುದಾಗಿ 2025ರ ಅಕ್ಟೋಬರ್ 14ರಂದು ಪ್ರಕಟಿಸಿತು. ಅಲ್ಲಿಯ ವಿದ್ಯುತ್ತಿನ ಲೆಕ್ಕವನ್ನು ವಾಟುಗಳಲ್ಲಿ ಹೇಳುವುದಿಲ್ಲ, ಗಿಗಾವಾಟುಗಳಲ್ಲಿ ಹೇಳುತ್ತಾರೆ. ನಾವು ಈ ಲೇಖನದಲ್ಲಿ ವರ್ಣಿಸಲಿರುವ ಮನೆಯ ಪೆಟ್ಟಿಗೆಗೆ ಬೇಕಾದುದು ಸುಮಾರು ಹತ್ತು ವಾಟು. ಒಂದು ಗಿಗಾವಾಟಿನಲ್ಲಿ ಅಂತಹ ಹತ್ತು ಕೋಟಿ ಪೆಟ್ಟಿಗೆಗಳು ನಡೆದಾವು! ಆನೆ ನಡೆದ ದಾರಿಯಲ್ಲಿ ಇರುವೆಗೂ ತನ್ನದೊಂದು ಗೂಡು ಬೇಕಾಗುತ್ತದೆ. ಆ ಗೂಡಿನ ಮಾತನ್ನಷ್ಟೇ ನಾವು ಆಡುತ್ತಿದ್ದೇವೆ.

ಒಬ್ಬ ಗುಮಾಸ್ತರನ್ನು ಭಾವಿಸಿಕೊಳ್ಳೋಣ. ಊರು ಕುಂದಾಪುರದ ಕಡೆ; ಬ್ಯಾಂಕಿನ ವರ್ಗಾವಣೆ ಅವರನ್ನು ಪೆಂಡುರ್ತಿಗೆ ತಂದು ಹಾಕಿದೆ. ತಂದೆಯವರು ತಾಳಮದ್ದಳೆಯ ಅರ್ಥಧಾರಿಗಳು. ಅವರ ಕೂಟಗಳ ನಲವತ್ತು ಕ್ಯಾಸೆಟ್ಟುಗಳನ್ನು ಮಗ ಕಷ್ಟಪಟ್ಟು ಧ್ವನಿಕಡತಗಳನ್ನಾಗಿ ಮಾಡಿಸಿದ್ದಾರೆ. ಅಕ್ಕನ ಮದುವೆಯ ಪಟಗಳು, ಜಮೀನಿನ ಪಹಣಿಯ ನಕಲು, ಊರಿನ ಸಂಘದ ಹಳೆಯ ಲೆಕ್ಕಪುಸ್ತಕದ ಚಿತ್ರಗಳು ಬೇರೆ. ತಮ್ಮ ವಿಜಯವಾಡದ ಹೋಟೆಲೊಂದರ ಗಲ್ಲೆಯಲ್ಲಿ ಕುಳಿತಿದ್ದಾನೆ; ತಾಯಿ ಊರಿನಲ್ಲಿದ್ದಾರೆ; ಭಾವ ಮುಂಬಯಿಯಲ್ಲಿದ್ದಾರೆ. ತಿಂಗಳಿಗೊಮ್ಮೆ ಯಾರಾದರೊಬ್ಬರು ಫೋನು ಮಾಡಿ ‘ಆ ಪಟ ಮತ್ತೊಮ್ಮೆ ಕಳುಹಿಸು, ಆ ಕರ್ಣಪರ್ವ ಮತ್ತೊಮ್ಮೆ ಕಳುಹಿಸು’ ಎನ್ನುತ್ತಾರೆ. ವಾಟ್ಸಾಪಿನಲ್ಲಿ ಕಳುಹಿಸಿದ ಪಟ ಕುಗ್ಗಿ ಮಸಕಾಗುತ್ತದೆ. ಉಚಿತವೆಂದು ನಂಬಿದ ಗೂಗಲ್ ಖಾತೆಯ 15 ಜಿಬಿ ಎಂದೋ ತುಂಬಿಹೋಗಿದೆ. ಇಂತಹವರು ನಮ್ಮ ವಾಚಕರಲ್ಲಿ ಒಬ್ಬಿಬ್ಬರಲ್ಲವೆಂದು ನಾವು ಬಲ್ಲೆವು.

ಪರರ ಉಗ್ರಾಣದಲ್ಲಿ ಇಟ್ಟ ವಸ್ತುವಿನ ಪಾಡೇನು? ಆರ್ಕುಟ್ ಎಂಬುದೊಂದಿತ್ತು, ನಮ್ಮ ಹುಡುಗರು ಅದರಲ್ಲಿ ಊರಿಗೊಂದು ಬಳಗ ಕಟ್ಟಿಕೊಂಡಿದ್ದರು. 2014ರ ಸೆಪ್ಟೆಂಬರ್ 30ರಂದು ಅದು ಬಾಗಿಲು ಹಾಕಿತು. ಯಾಹೂವಿನ ಬಳಗಗಳಲ್ಲಿ ಪರದೇಶದ ಕನ್ನಡ ಸಂಘಗಳು ಬರೆದುಕೊಂಡ ಪತ್ರಗಳಿಗೆ 2020ರ ಡಿಸೆಂಬರಿನಲ್ಲಿ ತೆರೆಬಿದ್ದಿತು. ಪಟಗಳನ್ನು ಮಿತಿಯಿಲ್ಲದೆ ಉಚಿತವಾಗಿ ಇಟ್ಟುಕೊಳ್ಳುತ್ತೇವೆಂದು ಹೇಳಿದ್ದ ಗೂಗಲ್ 2021ರ ಜೂನ್ 1ರಿಂದ ಆ ಸೌಲಭ್ಯವನ್ನು ನಿಲ್ಲಿಸಿತು. ಎರಡು ವರ್ಷ ಯಾರೂ ತೆರೆಯದ ಖಾತೆಗಳನ್ನು ಅಳಿಸತಕ್ಕ ಪದ್ಧತಿಯನ್ನು 2023ರ ಡಿಸೆಂಬರಿನಿಂದ ಆಚರಣೆಗೆ ತಂದಿತು. ತೀರಿಕೊಂಡ ತಂದೆಯ ಖಾತೆಯನ್ನು ಯಾರು ತೆರೆಯುತ್ತಾರೆ, ಹೇಳಿ.

ಬ್ಯಾಂಕುಗಳೂ ಮುಳುಗುವುದಿಲ್ಲವೆ, ವಿಲೀನವಾಗುವುದಿಲ್ಲವೆ ಎಂದು ಕೇಳುವವರುಂಟು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾದಾಗ ನಮ್ಮವರ ಕಣ್ಣಲ್ಲಿ ನೀರು ಬಂದಿದ್ದರೂ ಠೇವಣಿಯ ಒಂದು ಕಾಸೂ ಕಾಣೆಯಾಗಲಿಲ್ಲ. ಮುಳುಗಿದರೂ 5 ಲಕ್ಷ ರೂಪಾಯಿಗಳ ತನಕ ವಿಮೆಯಿದೆ. ಕಡತಗಳಿಗೆ ಅಂತಹ ಕಾಯಿದೆಯೂ ಇಲ್ಲ, ವಿಮೆಯೂ ಇಲ್ಲ. ಮುಚ್ಚುವವನು ತಿಂಗಳೆರಡು ತಿಂಗಳ ಮುನ್ಸೂಚನೆ ಕೊಟ್ಟರೆ ಅದೇ ದೊಡ್ಡ ಮಾತು.

ಸರ್ವರ್ ಎಂಬ ಮಾಣಿ

ಆದಕಾರಣ ಮನೆಯಲ್ಲಿಯೇ ಒಂದು ಸರ್ವರ್ ಇಟ್ಟುಕೊಳ್ಳುವ ಯೋಚನೆ ಬರುತ್ತದೆ. ಈ ಶಬ್ದಕ್ಕೆ ಹೋಟೆಲಿನ ಬಂಧುಗಳು ಬೆದರಬೇಕಾದದ್ದಿಲ್ಲ. ಆಂಧ್ರ, ತಮಿಳುನಾಡುಗಳ ಹೋಟೆಲುಗಳಲ್ಲಿ ಬಡಿಸುವವನನ್ನು ಸರ್ವರ್ ಎಂದೇ ಕರೆಯುತ್ತಾರೆ. ನಾಗೇಶ್ ಅಭಿನಯಿಸಿದ ‘ಸರ್ವರ್ ಸುಂದರಂ’ ಚಿತ್ರ 1964ರಷ್ಟು ಹಿಂದಿನದು. ಕಂಪ್ಯೂಟರಿನ ಸರ್ವರ್ ಮಾಡುವುದೂ ಅದೇ ಕೆಲಸ. ಯಾರೋ ಬಂದು ಕೇಳುತ್ತಾರೆ, ಅದು ಒಳಗಿನಿಂದ ತಂದುಕೊಡುತ್ತದೆ. ವ್ಯತ್ಯಾಸವಿಷ್ಟೆ: ಈ ಮಾಣಿಗೆ ರಜೆಯಿಲ್ಲ, ನಿದ್ದೆಯಿಲ್ಲ. ಊರಿನ ತಾಯಿ ಬೆಳಗಿನ ಜಾವ ನಾಲ್ಕು ಗಂಟೆಗೆ ಕೇಳಿದರೂ ಅದು ಎಚ್ಚರವಿರಬೇಕು.

ಸರ್ವರ್ ಎಂದರೆ ತಣ್ಣನೆಯ ಕೋಣೆಯಲ್ಲಿ ಬೀರುವಿನಷ್ಟು ಎತ್ತರ ನಿಂತ ಯಂತ್ರವೇ ಆಗಬೇಕೆಂಬುದು ತಪ್ಪು ತಿಳಿವಳಿಕೆ. ಪ್ರಪಂಚದ ಮೊತ್ತಮೊದಲ ವೆಬ್ ಸರ್ವರ್ ಜಿನೀವಾದ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಕಂಪೆನಿಯ ಒಂದು ಕಂಪ್ಯೂಟರು. ಕಾಲ 1990. ಯಾರಾದರೂ ಅರಿಯದೆ ಆರಿಸಿಬಿಟ್ಟಾರೆಂದು ಅವರು ಅದಕ್ಕೆ ಒಂದು ಚೀಟಿ ಅಂಟಿಸಿದ್ದರು: ಇದು ಸರ್ವರ್, ಇದನ್ನು ಆರಿಸಕೂಡದು ಎಂಬುದು ಅದರ ತಾತ್ಪರ್ಯ. ಆ ಚೀಟಿ ಅಂಟಿಕೊಂಡಿರುವ ಯಂತ್ರವನ್ನು ಇಂದಿಗೂ ಐತಿಹಾಸಿಕ ವಸ್ತುವಾಗಿ ಕಾಪಾಡಿದ್ದಾರೆ. ಗುಮಾಸ್ತರ ಮನೆಗೆ ಬೇಕಾದ ಮೊದಲ ಸಲಕರಣೆಯೂ ಅಂತಹ ಚೀಟಿಯೇ. ಪೆಂಡುರ್ತಿಯಲ್ಲಾದರೆ ಅದನ್ನು ತೆಲುಗಿನಲ್ಲಿ ಬರೆಯುವುದು ಮೇಲು. ಮನೆ ಗುಡಿಸಲು ಬರುವಾಕೆಯೂ ಮನೆಯೊಡೆಯರೂ ಓದುವಂತಿರಬೇಕಲ್ಲ!

ಯಂತ್ರದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಹಳೆಯ ಲ್ಯಾಪ್‌ಟಾಪು ಸಾಕು. ಇಲ್ಲವೆ 2012ರಿಂದ ಮಾರಾಟಕ್ಕೆ ಬಂದಿರುವ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಮತ್ತು ಅದಕ್ಕೆ ಒಂದು ಹಾರ್ಡ್ ಡಿಸ್ಕು. ಎರಡೂ ಸೇರಿ ಹತ್ತು ವಾಟು ಎಳೆದರೆ ತಿಂಗಳಿಗೆ ಏಳೂಕಾಲು ಯೂನಿಟ್ಟಿನ ಒಳಗೆ ಮುಗಿಯಿತು. ಮೂಲೆಯಲ್ಲಿರುವ ಹಳೆಯ ಮೇಜುಗಂಪ್ಯೂಟರನ್ನೇ ಹಚ್ಚುತ್ತೇನೆಂದರೆ ಅದು ಎಪ್ಪತ್ತು ವಾಟು ಎಳೆದೀತು. ತಿಂಗಳಿಗೆ ಐವತ್ತು ಯೂನಿಟ್ಟು. ಯೂನಿಟ್ಟು ಏರಿದಂತೆ ದರದ ಮೆಟ್ಟಿಲೂ ಏರುವುದರಿಂದ ಪುಕ್ಕಟೆ ಸಿಕ್ಕ ಯಂತ್ರ ಅಗ್ಗದ ಯಂತ್ರವಲ್ಲ. ಲ್ಯಾಪ್‌ಟಾಪಿಗೆ ಒಂದು ಗುಣವಿದೆ: ಅದರ ಬ್ಯಾಟರಿಯೇ ಯುಪಿಎಸ್ ಆಗಿ ಒದಗುತ್ತದೆ. ಆದರೆ ವರ್ಷವಿಡೀ ಚಾರ್ಜಿಗೆ ಹಚ್ಚಿಟ್ಟ ಹಳೆಯ ಬ್ಯಾಟರಿ ಉಬ್ಬಿಕೊಳ್ಳುವುದುಂಟು. ತಿಂಗಳಿಗೊಮ್ಮೆ ಮಗುಚಿ ನೋಡತಕ್ಕದ್ದು. ಉಬ್ಬಿದ್ದು ಕಂಡರೆ ಬ್ಯಾಟರಿಯನ್ನು ಕಳಚಿಸಿಬಿಡಬೇಕು.

ತಂತ್ರಾಂಶಗಳೆಲ್ಲ ಉಚಿತವಾಗಿಯೇ ಸಿಕ್ಕುತ್ತವೆ. ಒಂದೇ ಮನೆಯೊಳಗೆ ಕಡತ ಹಂಚಲು ಸಾಂಬಾ, ಪಟ ಮತ್ತು ಕಡತಗಳನ್ನು ಬ್ರೌಸರಿನಲ್ಲಿ ತೋರಿಸಲು 2016ರಲ್ಲಿ ಆರಂಭವಾದ ನೆಕ್ಸ್ಟ್‌ಕ್ಲೌಡ್, ಎರಡು ಊರುಗಳ ಯಂತ್ರಗಳಲ್ಲಿ ಒಂದೇ ಕಡತವನ್ನು ಸಮನಾಗಿ ಇರಿಸಲು 2013ರಿಂದ ಇರುವ ಸಿಂಕ್‌ಥಿಂಗ್. ಇವನ್ನು ಸ್ಥಾಪಿಸಲು ಒಂದು ಭಾನುವಾರ ಬೇಕು. ಹೋಟೆಲಿನವರಿಗೆ ಭಾನುವಾರ ಬಿಡುವಿಲ್ಲವೆಂಬುದನ್ನು ನಾವು ಮರೆತಿಲ್ಲ, ಸೋಮವಾರವಾದರೂ ಆಗಬಹುದು.

ಕೇರ್ ಆಫ್ ವಿಳಾಸದ ತೊಡಕು

ನಿಜವಾದ ಕಷ್ಟ ಯಂತ್ರದ್ದಲ್ಲ, ವಿಳಾಸದ್ದು. ಹಳೆಯ ಹೋಟೆಲು ಹುಡುಗರಿಗೆ ಇದನ್ನು ತಿಳಿಸುವುದು ಸುಲಭ. ಪರಸ್ಥಳದಲ್ಲಿ ದುಡಿಯುವ ಮಾಣಿಗೆ ಸ್ವಂತ ವಿಳಾಸವೆಂಬುದು ಎಲ್ಲಿತ್ತು? ಊರಿನ ಕಾಗದವೆಲ್ಲ ಹೋಟೆಲಿನ ಕೇರ್ ಆಫ್ ವಿಳಾಸಕ್ಕೇ ಬರುತ್ತಿತ್ತು. ಇಪ್ಪತ್ತು ಮಂದಿ ಕೆಲಸಗಾರರಿಗೆ ಒಂದೇ ಬಾಗಿಲಿನ ನಂಬರು. ಮಾಣಿ ತಾನೇ ಮೊದಲು ಕಾಗದ ಬರೆದಿದ್ದರೆ, ಗಲ್ಲೆಯಲ್ಲಿದ್ದವರು ಅದನ್ನು ಗುರುತು ಹಾಕಿಕೊಂಡು, ಬಂದ ಉತ್ತರವನ್ನು ಅವನಿಗೇ ಮುಟ್ಟಿಸುತ್ತಿದ್ದರು. ಆದರೆ ಹೆಸರೇ ಇಲ್ಲದ, ಬರೀ ಹೋಟೆಲಿನ ವಿಳಾಸವಿದ್ದ ಕಾಗದ ತಾನಾಗಿ ಬಂದರೆ ಅದು ಯಾರದೆಂದು ತಿಳಿಯುವುದು ಹೇಗೆ? ಅದು ಮೇಜಿನ ಕೆಳಗೆ ಬಿದ್ದುಕೊಳ್ಳುತ್ತಿತ್ತು.

ಇಂಟರ್ನೆಟ್ಟಿನಲ್ಲಿಯೂ ಹಾಗೆಯೇ. ಐಪಿ ವಿಳಾಸಗಳ ಹಳೆಯ ಪದ್ಧತಿಯಲ್ಲಿ ಇರತಕ್ಕವು ಒಟ್ಟು 429 ಕೋಟಿ ವಿಳಾಸಗಳು ಮಾತ್ರ. ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿ 3ರಂದು ಬರಿದಾಯಿತು. ಏಷ್ಯಾದ ಪಾಲಿನ ದಾಸ್ತಾನು ಅದೇ ಏಪ್ರಿಲಿನಲ್ಲಿ ಕೊನೆಯ ಕಂತನ್ನು ಮುಟ್ಟಿತು. ಅಮೆರಿಕದವರು ಮೊದಲೇ ಬಂದು ಬೇಕಾದಷ್ಟು ಬಾಚಿಕೊಂಡಿದ್ದರು. ತಡವಾಗಿ ಪಂಕ್ತಿಗೆ ಕುಳಿತ ನಮಗೆ ಪಾಯಸ ಮುಗಿದಿತ್ತು. ಆದ್ದರಿಂದ ನಮ್ಮ ಇಂಟರ್ನೆಟ್ ಕಂಪೆನಿಗಳಲ್ಲಿ ಹಲವು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿವೆ. ಈ ಏರ್ಪಾಡಿಗೆಂದೇ 2012ರಲ್ಲಿ ಒಂದು ವಿಳಾಸಗಳ ಓಣಿಯನ್ನು ಮೀಸಲಿಡಲಾಯಿತು. ನಿಮ್ಮ ರೌಟರಿನ ಪುಟವನ್ನು ತೆರೆದು ಹೊರಬದಿಯ ವಿಳಾಸವನ್ನು ನೋಡಿ. ಅದು 100.64ರಿಂದ 100.127ರ ನಡುವೆ ಆರಂಭವಾಗಿದ್ದರೆ ನೀವು ಕೇರ್ ಆಫ್ ಗಿರಾಕಿ ಎಂದು ತಿಳಿಯತಕ್ಕದ್ದು. ನಿಮ್ಮ ಮನೆಯಿಂದ ಹೊರಟ ಪ್ರಶ್ನೆಗೆ ಉತ್ತರ ಬರುತ್ತದೆ. ಹೊರಗಿನವರು ತಾವಾಗಿ ನಿಮ್ಮ ಬಾಗಿಲು ತಟ್ಟಲಾರರು. ರೌಟರಿನಲ್ಲಿ ಎಷ್ಟು ಪೋರ್ಟು ತೆರೆದರೂ ಪ್ರಯೋಜನವಿಲ್ಲ. ನಿಮ್ಮ ಕೋಣೆಯ ಬಾಗಿಲು ತೆರೆದಿದೆ, ವಠಾರದ ಹೆಬ್ಬಾಗಿಲು ಮುಚ್ಚಿದೆ. ಎಷ್ಟೋ ಮಂದಿ ಇದನ್ನರಿಯದೆ ರಾತ್ರಿಯಿಡೀ ರೌಟರಿನೊಡನೆ ಗುದ್ದಾಡಿ ಬೆಳಿಗ್ಗೆ ಕೆಂಗಣ್ಣಿನಿಂದ ಕೆಲಸಕ್ಕೆ ಹೋಗುತ್ತಾರೆ.

ಇದಕ್ಕೆ ದಾರಿಗಳಿಲ್ಲದೆ ಇಲ್ಲ. ಕಂಪೆನಿಗೆ ತಿಂಗಳ ಶುಲ್ಕ ತೆತ್ತು ಸ್ಥಿರ ವಿಳಾಸವನ್ನು ಪಡೆಯಬಹುದು. ಕೆಲವರು ಕೊಡುತ್ತಾರೆ, ಕೆಲವರು ವ್ಯಾಪಾರಿ ಸಂಪರ್ಕವನ್ನೇ ಕೊಳ್ಳಬೇಕೆನ್ನುತ್ತಾರೆ. ಇನ್ನು ಹೊಸ ಪದ್ಧತಿಯ ಐಪಿವಿ6 ವಿಳಾಸಗಳಿವೆ. ಅಲ್ಲಿ ಬರವೆಂಬುದೇ ಇಲ್ಲ. ಮನೆಯ ಒಂದೊಂದು ಯಂತ್ರಕ್ಕೂ ತನ್ನದೇ ಆದ ವಿಳಾಸ ಸಿಕ್ಕುತ್ತದೆ. 2016ರಲ್ಲಿ ಜಿಯೊ ಬಂದ ಮೇಲೆ ಈ ಪದ್ಧತಿ ನಮ್ಮ ದೇಶದಲ್ಲಿ ಎಷ್ಟು ಬೇಗ ಹರಡಿತೆಂದರೆ ಐಪಿವಿ6 ಬಳಕೆಯಲ್ಲಿ ಭಾರತ ಇಂದು ಜಗತ್ತಿನ ಮುಂಚೂಣಿಯ ದೇಶಗಳ ಸಾಲಿನಲ್ಲಿದೆ. ಆದರೆ ಕೇಳುವವರ ಕಡೆಯಲ್ಲಿಯೂ ಅದು ಇರಬೇಕು. ತಾಯಿಯ ಮೊಬೈಲಿನಲ್ಲಿ ಇದ್ದು ಭಾವನ ಕಚೇರಿಯಲ್ಲಿ ಇಲ್ಲದಿದ್ದರೆ ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಗೋಡೆ.

ನಮ್ಮ ಅಭಿಪ್ರಾಯದಲ್ಲಿ ಸಂಸಾರಸ್ಥರಿಗೆ ಮೂರನೆಯ ದಾರಿಯೇ ಲೇಸು. ಮನೆಯ ಪೆಟ್ಟಿಗೆಯು ತಾನೇ ಹೊರಗಿನ ಒಂದು ನೆಲೆಗೆ ಕರೆ ಮಾಡಿ ಆ ಗೆರೆಯನ್ನು ಕಡಿಯದೆ ಹಿಡಿದಿರುತ್ತದೆ. ತಾಯಿಯ, ತಮ್ಮನ, ಭಾವನ ಫೋನುಗಳೂ ಅಲ್ಲಿಗೇ ಬಂದು ಸೇರುತ್ತವೆ. ಮಾಣಿಯೇ ಮೊದಲು ಕಾಗದ ಬರೆದಂತಾಯಿತಲ್ಲವೇ! ವೈರ್‌ಗಾರ್ಡ್ ಎಂಬ ಸುರಂಗದ ವ್ಯವಸ್ಥೆ 2020ರಲ್ಲಿ ಲಿನಕ್ಸಿನ ತಿರುಳಿನಲ್ಲಿಯೇ ಸೇರಿತು. ಅದನ್ನು ಆಧರಿಸಿದ ಟೇಲ್‌ಸ್ಕೇಲ್ ಎಂಬುದನ್ನು ಮನೆಯ ಬಳಕೆಗೆ ಶುಲ್ಕವಿಲ್ಲದೆ ಉಪಯೋಗಿಸಬಹುದು. ಸಿಂಕ್‌ಥಿಂಗ್ ಕೂಡ ದಾರಿ ಕಾಣದಿದ್ದಾಗ ನಡುವಣ ನೆಲೆಗಳ ಮೂಲಕ ಹಾಯುತ್ತದೆ. ಕಡತವು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹೋಗುವುದರಿಂದ ನಡುವಿನವರು ಒಳಗನ್ನು ಕಾಣಲಾರರು. ಕ್ಲೌಡ್‌ಫ್ಲೇರ್ ಎಂಬ ಸಂಸ್ಥೆಯೂ ಇಂತಹ ಸುರಂಗವನ್ನು ಕೊಡುತ್ತದೆ. ಆದರೆ 2025ರ ನವೆಂಬರ್ 18ರಂದು ಅದೊಂದೇ ಸಂಸ್ಥೆ ಕೆಲವು ತಾಸು ಮುಗ್ಗರಿಸಿದಾಗ ಜಗತ್ತಿನ ಅಸಂಖ್ಯ ತಾಣಗಳು ಏಕಕಾಲಕ್ಕೆ ಬಾಯಿ ಮುಚ್ಚಿದುವು. ದೊಡ್ಡವರ ಹೆಗಲ ಮೇಲೆ ಕುಳಿತವರು ದೊಡ್ಡವರು ಬಿದ್ದಾಗ ಬೀಳುವುದು ಸಹಜ.

ವೇಗದ ಲೆಕ್ಕವನ್ನು ಬೇಗ ಮುಗಿಸೋಣ. ಕಂಪೆನಿಯ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ಇಳಿಯುವ ವೇಗ. ಮನೆಯಿಂದ ಹಂಚುವವರಿಗೆ ಬೇಕಾದುದು ಏರುವ ವೇಗ. ಏರುವ ವೇಗ ಸೆಕೆಂಡಿಗೆ 100 ಮೆಗಾಬಿಟ್ ಇದ್ದರೆ ಒಂದು ಜಿಬಿಯ ಕಡತ ಎಂಬತ್ತು ಸೆಕೆಂಡಿನಲ್ಲಿ ಹೋದೀತು. ಅದು 5 ಮೆಗಾಬಿಟ್ ಮಾತ್ರವಿದ್ದರೆ ಸುಮಾರು ಇಪ್ಪತ್ತೇಳು ನಿಮಿಷ. ಇಬ್ಬರು ಒಟ್ಟಿಗೆ ಕೇಳಿದರೆ ಒಂದು ಗಂಟೆ. ಫೈಬರಿನಲ್ಲಿ ಎರಡೂ ವೇಗ ಸಮವಾಗಿರುವುದು ವಾಡಿಕೆ, ಕೇಬಲಿನಲ್ಲಿ ಅಲ್ಲ. ‘ಅನ್‌ಲಿಮಿಟೆಡ್’ ಎಂಬ ಮಾತಿಗೂ ಮಿತಿಯಿದೆ: ಹಲವು ಯೋಜನೆಗಳಲ್ಲಿ ತಿಂಗಳಿಗೆ 3300 ಜಿಬಿ ದಾಟಿದರೆ ವೇಗವನ್ನು ಕುಗ್ಗಿಸುತ್ತಾರೆ. ತಾಳಮದ್ದಳೆ ಕೇಳುವ ಸಂಸಾರ ಆ ಗೆರೆಯನ್ನು ಎಂದೂ ಮುಟ್ಟಲಾರದು.

ಕಳ್ಳರು, ಕಾಯಿದೆ, ಚಂಡಮಾರುತ

ಬಾಗಿಲನ್ನು ಲೋಕಕ್ಕೇ ತೆರೆದಿಡುವವರು ಒಂದು ಮಾತನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ನೀವು ಯಾರಿಗೂ ವಿಳಾಸ ಹೇಳದಿದ್ದರೂ ಅಲ್ಪಕಾಲದಲ್ಲೇ ಅಪರಿಚಿತರು ಬಂದು ಚಿಲಕ ಅಲ್ಲಾಡಿಸುತ್ತಾರೆ. ಅವರು ಮನುಷ್ಯರಲ್ಲ, ಇಡೀ ವಿಳಾಸಪಟ್ಟಿಯನ್ನು ಹಗಲಿರುಳು ತಡಕುವ ಯಂತ್ರಗಳು. 2016ರಲ್ಲಿ ಮಿರಾಯಿ ಎಂಬ ಪೀಡೆಯು ಕಾರ್ಖಾನೆಯಿಂದ ಬಂದ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಮನೆಯ ಕ್ಯಾಮೆರಾ, ರೌಟರುಗಳಿಗೆ ನುಗ್ಗಿ ಅವುಗಳದೇ ಒಂದು ಸೈನ್ಯವನ್ನು ಕಟ್ಟಿತು. 2021ರ ಜೂನಿನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪೆನಿಯ ಮೈ ಬುಕ್ ಲೈವ್ ಎಂಬ ಮನೆಯ ಕಡತಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದ ಹಲವರು ಬೆಳಿಗ್ಗೆ ಎದ್ದು ನೋಡುವಾಗ ಪೆಟ್ಟಿಗೆ ಖಾಲಿಯಾಗಿತ್ತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದರೋಡೆಕೋರರು ಕ್ಯೂನ್ಯಾಪ್ ಪೆಟ್ಟಿಗೆಗಳ ಕಡತಗಳಿಗೆ ತಮ್ಮ ಬೀಗ ಜಡಿದು ಕೀಲಿಕೈಗೆ 0.03 ಬಿಟ್‌ಕಾಯಿನ್ ಕೇಳಿದರು. ಅಮೆರಿಕದಂತಹ ದೇಶದ ತಿಳಿದವರೂ ಇದರಲ್ಲಿ ಸಿಕ್ಕಿಬಿದ್ದರು. ಆದ್ದರಿಂದಲೇ ಸುರಂಗ ಲೇಸೆಂದು ನಾವು ಹೇಳಿದುದು. ಬೀದಿಗೆ ಬಾಗಿಲೇ ಇಲ್ಲದ ಮನೆಗೆ ಕಳ್ಳ ಬರುವುದು ಕಷ್ಟ. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದನ್ನೂ ಮರೆಯಬಾರದು. ಹೋಟೆಲಿನ ಒಲೆಯನ್ನು ದಿನವೂ ತೊಳೆಯುವಂತೆ ಇದೂ ನಿತ್ಯಕರ್ಮ.

ಕಾಯಿದೆಯ ಮಾತೂ ಉಂಟು. ಮನೆಬಳಕೆಯ ಸಂಪರ್ಕದ ಷರತ್ತುಗಳಲ್ಲಿ ವ್ಯಾಪಾರಕ್ಕಾಗಿ, ಸಾರ್ವಜನಿಕರಿಗಾಗಿ ಸರ್ವರ್ ನಡೆಸಕೂಡದೆಂದು ಬರೆದಿರುವುದುಂಟು. ರುಜು ಹಾಕುವ ಮುನ್ನ ಓದಿಕೊಳ್ಳಿ. ಮನೆಮಂದಿಯೊಳಗೆ ಪಟ ನೋಡಿದರೆ ಯಾರೂ ಕೇಳುವುದಿಲ್ಲ. ಹೊಸ ಸಿನಿಮಾ ಇಟ್ಟು ಊರಿಗೆಲ್ಲ ಹಂಚಿದರೆ 1957ರ ಕೃತಿಸ್ವಾಮ್ಯ ಕಾಯಿದೆ ಕೈಹಿಡಿಯುತ್ತದೆ. ಸಿನಿಮಾ ಮತ್ತು ಧ್ವನಿಮುದ್ರಿಕೆಗಳಿಗೆ ಪ್ರಕಟವಾದಂದಿನಿಂದ ಅರುವತ್ತು ವರ್ಷಗಳ ಹಕ್ಕು ಇದೆ. ತಂದೆಯ ಕ್ಯಾಸೆಟ್ಟು ತಾನೆ, ನಮ್ಮದೇ ಸ್ವತ್ತು ಎಂದುಕೊಳ್ಳುವುದೂ ಪೂರ್ತಿ ಸರಿಯಲ್ಲ. ಎದುರು ಕುಳಿತ ಅರ್ಥಧಾರಿ, ಹಾಡಿದ ಭಾಗವತರು, ಮದ್ದಳೆಯವರು ಇವರಿಗೂ ಅದರಲ್ಲಿ ಪಾಲುಂಟು. ಲೋಕಕ್ಕೆ ಹಾಕುವ ಮುನ್ನ ಅವರನ್ನೋ ಅವರ ಮಕ್ಕಳನ್ನೋ ಕೇಳುವುದು ಕಾಯಿದೆಗಿಂತ ಮೊದಲು ಮರ್ಯಾದೆ.

ಇವೆಲ್ಲಕ್ಕಿಂತ ದೊಡ್ಡ ಶತ್ರು ಆಕಾಶದಿಂದ ಬರುತ್ತದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಮೇಲೆಯೇ ಎರಗಿತು. ವಿದ್ಯುತ್ ಕಂಬಗಳು ಸಾಲುಸಾಲಾಗಿ ಉರುಳಿದುವು, ಫೋನುಗಳು ಮೂಕವಾದುವು, ಹಲವು ಬಡಾವಣೆಗಳಿಗೆ ದಿನಗಟ್ಟಲೆ ಬೆಳಕಿರಲಿಲ್ಲ. 2017ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡು ಆರಂಭದಲ್ಲಿ ತಿಂಗಳಿಗೆ 149 ರೂಪಾಯಿಗೆ ಮನೆಮನೆಗೆ ಸಂಪರ್ಕ ಕೊಡಹೊರಟ ಆಂಧ್ರ ಸರಕಾರದ ಫೈಬರ್‌ನೆಟ್ ಯೋಜನೆಯೂ ತಂತಿಯನ್ನು ಅದೇ ವಿದ್ಯುತ್ ಕಂಬಗಳ ಮೇಲೆಯೇ ಎಳೆಯಿತು. ನೆಲ ಅಗೆಯುವ ಖರ್ಚು ಉಳಿದುದರಿಂದಲೇ ಅದು ಅಷ್ಟು ಅಗ್ಗವಾದುದು. ಕಂಬ ಬಿದ್ದರೆ ತಂತಿಯೂ ಬೀಳುತ್ತದೆ. ಅಂತಹ ದಿನ ಪೆಂಡುರ್ತಿಯ ಪೆಟ್ಟಿಗೆ ಇನ್ವರ್ಟರಿನಲ್ಲಿ ಉಸಿರಾಡುತ್ತಿದ್ದರೂ ಊರಿನ ತಾಯಿಗೆ ಅದು ಸಿಕ್ಕುವುದಿಲ್ಲ.

ಹಾಗಾದರೆ ವಿಜಯವಾಡದ ತಮ್ಮನ ಕೋಣೆಯಲ್ಲಿ ಇನ್ನೊಂದು ಪ್ರತಿ ಇಡೋಣವೆಂದರೆ, 2024ರ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಬುಡಮೇರು ಉಕ್ಕಿ ಸಿಂಗ್ ನಗರದ ಮನೆಗಳ ಕೆಳಮಹಡಿಗಳೆಲ್ಲ ಕೊಳೆನೀರಿನಲ್ಲಿ ನಿಂತುದನ್ನು ಕಂಡವರು ನಮ್ಮಲ್ಲೇ ಇದ್ದಾರೆ. ಪೆಟ್ಟಿಗೆಯನ್ನು ಮಂಚದ ಕೆಳಗೆ ಇಡಬಾರದು, ಅಟ್ಟದ ಮೇಲೆ ಇಡಬೇಕು. ಅಟ್ಟದ ಮೇಲೆ ಬೇಸಗೆಯ ಕಾವು ತಾಗದಂತೆ ಗಾಳಿಯಾಡಬೇಕು. ಒಂದು ಪ್ರತಿ ಪೆಂಡುರ್ತಿಯಲ್ಲಿ, ಒಂದು ವಿಜಯವಾಡದಲ್ಲಿ, ಒಂದು ಕುಂದಾಪುರದ ಮನೆಯ ಬೀರುವಿನಲ್ಲಿ. ಮೂರನೆಯದು ತಂತಿಗೆ ಸೇರಿಸದ, ವರ್ಷಕ್ಕೊಮ್ಮೆ ಊರಿಗೆ ಹೋದಾಗ ತೆರೆದು ತುಂಬಿಸಿಡುವ ಡಿಸ್ಕು. ಇದಿರಲೇಬೇಕು, ಏಕೆಂದರೆ ಸಿಂಕ್‌ಥಿಂಗ್ ಒಂದು ಕಡೆ ಅಳಿಸಿದುದನ್ನು ಇನ್ನೊಂದು ಕಡೆಯಲ್ಲಿಯೂ ನಂಬಿಗಸ್ತನಂತೆ ಅಳಿಸಿಬಿಡುತ್ತದೆ. ಸಿಂಡಿಕೇಟ್ ಬ್ಯಾಂಕಿನ ಹಿರಿಯರು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಪ್ರತಿ ತೆಗೆದಿಡುವ ಕೆಲಸವನ್ನೂ ಹಾಗೆಯೇ ದಿನದ ಚಿಲ್ಲರೆಯಾಗಿ ಯಂತ್ರಕ್ಕೆ ವಹಿಸಿಬಿಡಬೇಕು. ಬಿಡುವಾದಾಗ ಒಟ್ಟಿಗೆ ಮಾಡುತ್ತೇನೆಂದವರು ಮಾಡಿದುದನ್ನು ನಾವು ಕಂಡಿಲ್ಲ.

ತಂತಿಯಿಲ್ಲದೆಯೂ ನಡೆಯುತ್ತದೆ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸೋಜಿಗದ ಮಾತು: ಕಡತ ಹಂಚಲು ಹಲವು ಸಲ ಇಂಟರ್ನೆಟ್ಟೇ ಬೇಡ. ಕರ್ನಾಟಕದಲ್ಲಿ ಇದನ್ನು ಮಾಡಿತೋರಿಸಿದವರಿದ್ದಾರೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಳಿಯ ದುರ್ಗದಹಳ್ಳಿಯಲ್ಲಿ ಟಿ. ಬಿ. ದಿನೇಶ್ ಅವರ ಜನಸ್ತು ಸಂಸ್ಥೆಯವರು ಊರಿನವರದೇ ಆದ ವೈಫೈ ಜಾಲವೊಂದನ್ನು ಹೆಣೆದಿದ್ದಾರೆ. ಹಳ್ಳಿಯವರು ತಮ್ಮ ಮಾತಿನಲ್ಲಿ ಹೇಳಿದ ಕಥೆಗಳನ್ನು ಧ್ವನಿಮುದ್ರಿಸಿ ಅಲ್ಲಿಯದೇ ಪುಟ್ಟ ಸರ್ವರಿನಲ್ಲಿ ಇಟ್ಟಿದ್ದಾರೆ. ಓದು ಬಾರದವರಿಗೂ ಜಾಲ ಒದಗಬೇಕೆಂಬುದು ಅವರ ಹಟ. ಕೇಳುವ ಫೋನು ಆ ಜಾಲದೊಳಗಿದ್ದರೆ ಸಾಕು. ಹೊರಗಿನ ಸಂಪರ್ಕ ಇದ್ದರೂ ಒಂದೇ, ಹೋದರೂ ಒಂದೇ. ಅತ್ತ ಅಮೆರಿಕದಲ್ಲಿ ಎಬೆನ್ ಮೋಗ್ಲೆನ್ ಎಂಬ ಕಾನೂನು ಪಂಡಿತರು 2010ರಲ್ಲಿ ಪ್ರತಿ ಮನೆಯಲ್ಲಿಯೂ ಒಂದು ಸ್ವತಂತ್ರ ಪೆಟ್ಟಿಗೆಯಿರಬೇಕೆಂದು ಭಾಷಣ ಮಾಡಿದರು. ಅದರಿಂದ ಹುಟ್ಟಿದ ಫ್ರೀಡಂಬಾಕ್ಸ್ ಎಂಬ ತಂತ್ರಾಂಶವನ್ನು ತೆಲುಗು ನಾಡಿನ ಸ್ವೇಚ್ಛಾ ಬಳಗದವರು ಹಳ್ಳಿಗಳಲ್ಲಿ ನೆಟ್ಟಿದ್ದಾರೆ. ಪಂಡಿತರ ಭಾಷಣ ನ್ಯೂಯಾರ್ಕಿನಲ್ಲಿ, ಅದರ ಫಲ ತೆಲುಗರ ಹಳ್ಳಿಯಲ್ಲಿ!

ಇದನ್ನು ನಮ್ಮ ಹೋಟೆಲು ಕೆಲಸಗಾರರ ಕೋಣೆಗಳಿಗೆ ಹೊಂದಿಸಿ ನೋಡಿ. ಒಂದೇ ಮಹಡಿಯಲ್ಲಿ ಇಪ್ಪತ್ತು ಮಂದಿ ಮಲಗುವ ಕಡೆ, ಕೆಲಸ ಮುಗಿದ ರಾತ್ರಿ ಇಪ್ಪತ್ತು ಫೋನುಗಳೂ ಒಂದೇ ಯಕ್ಷಗಾನವನ್ನು ಇಪ್ಪತ್ತು ಸಲ ಪೇಟೆಯಿಂದ ಎಳೆದು ದಿನದ ಡೇಟಾ ಮುಗಿಸಿಕೊಳ್ಳುತ್ತವೆ. ಒಂದು ಪೆಟ್ಟಿಗೆ, ಒಂದು ವೈಫೈ ರೌಟರು ಇದ್ದರೆ ಇಡೀ ಮಹಡಿಗೆ ಸಾಕು. ಪಾಠದ ಕಡತಗಳನ್ನೂ ಅದರಲ್ಲಿ ಇಡಬಹುದು. ಹಗಲೆಲ್ಲ ದುಡಿದು ಪರೀಕ್ಷೆಗೆ ಓದುವ ಹುಡುಗರು ನಮ್ಮಲ್ಲಿ ಎಂದೂ ಇದ್ದಾರೆ. ಸಂಘಗಳವರು ವಾರ್ಷಿಕೋತ್ಸವದ ಶಾಮಿಯಾನಕ್ಕೆ ಸುರಿಯುವ ಹಣದಲ್ಲಿ ಒಂದಂಶವನ್ನು ಇತ್ತ ತಿರುಗಿಸಬಾರದೆ? ಆದರೆ ಸಂಘದ ಪೆಟ್ಟಿಗೆಯಲ್ಲಿ ಸದಸ್ಯರ ಆಧಾರ್ ನಕಲು, ಫೋನು ನಂಬರುಗಳ ಪಟ್ಟಿ ಮೊದಲಾದುವನ್ನು ಎಲ್ಲರ ಕೈಗೆ ಸಿಕ್ಕುವಂತೆ ಇಡಬಾರದು. ಅವು ಕಾರ್ಯದರ್ಶಿಯ ಬೀಗದೊಳಗೇ ಇರಲಿ.

ಇನ್ನು ನಾಡಿಗೆಲ್ಲ ಸಲ್ಲತಕ್ಕ ವಸ್ತುವನ್ನು, ಹಕ್ಕಿನ ಅವಧಿ ಮುಗಿದ ಹಳೆಯ ಪ್ರಸಂಗದ ಪುಸ್ತಕವನ್ನೋ ಸಂಘದ ಹಳೆಯ ಸಂಚಿಕೆಯನ್ನೋ, ಮನೆಯ ಪೆಟ್ಟಿಗೆಯೊಂದರಲ್ಲೇ ಬಚ್ಚಿಡುವುದು ಜಿಪುಣತನ. 1996ರಿಂದ ನಡೆಯುತ್ತಿರುವ ಇಂಟರ್ನೆಟ್ ಆರ್ಕೈವ್ ಎಂಬ ಧರ್ಮಛತ್ರಕ್ಕೂ ಒಂದು ಪ್ರತಿ ಕೊಡಿ. ಕನ್ನಡದ ಸಾವಿರಾರು ಪುಸ್ತಕಗಳು ಈಗಾಗಲೇ ಅಲ್ಲಿವೆ. ಆ ಛತ್ರದ ಮೇಲೂ 2024ರ ಅಕ್ಟೋಬರಿನಲ್ಲಿ ದಾಳಿ ನಡೆದು ಹಲವು ದಿನ ಬಾಗಿಲು ಮುಚ್ಚಿತ್ತೆಂಬುದರಿಂದ ನಿಮ್ಮಲ್ಲಿಯೂ ಒಂದು ಪ್ರತಿ ಇರತಕ್ಕದ್ದು.

ಕೊನೆಯದಾಗಿ ಒಂದು ನೋಟುಬುಕ್ಕಿನ ವಿಷಯ. ಪೆಟ್ಟಿಗೆಯನ್ನು ಹೂಡಿದ ಗುಮಾಸ್ತರಿಗೆ ಮಾತ್ರ ಅದರ ಗುಪ್ತಪದ ಗೊತ್ತಿದ್ದರೆ, ಅವರು ಆಸ್ಪತ್ರೆ ಸೇರಿದ ದಿನ ಮನೆಯವರಿಗೆ ಅದು ಬರೀ ಡಬ್ಬಿ. ಯಂತ್ರ ಎಲ್ಲಿದೆ, ಗುಪ್ತಪದವೇನು, ಯಾವ ಕಡತ ಎಲ್ಲಿದೆ, ವಿಜಯವಾಡದ ಪ್ರತಿಯನ್ನು ತೆರೆಯುವುದು ಹೇಗೆ, ಇಂಟರ್ನೆಟ್ ಬಿಲ್ಲು ಯಾವ ತಾರೀಖಿಗೆ ಕಟ್ಟಬೇಕು, ಇಷ್ಟನ್ನೂ ಶಾಯಿಯಿಂದ ಕನ್ನಡದಲ್ಲಿ ಬರೆದು ಎಲ್‌ಐಸಿ ಬಾಂಡುಗಳಿರುವ ಟ್ರಂಕಿನಲ್ಲಿ ಇಡತಕ್ಕದ್ದು. ಹೆಂಡತಿಯನ್ನು ಕೂರಿಸಿಕೊಂಡು ಒಮ್ಮೆ ಅವರ ಕೈಯಿಂದಲೇ ತೆರೆಸಿ ನೋಡಿ. ಗುಪ್ತಪದ ಬದಲಾಯಿಸಿದಾಗಲೆಲ್ಲ ಹಳೆಯದನ್ನು ಹೊಡೆದು ಹೊಸದನ್ನು ಬರೆದು ಪಕ್ಕದಲ್ಲಿ ತಾರೀಖು ಹಾಕಿ; ಬ್ಯಾಂಕಿನವರಿಗೆ ಅದೇನು ಹೊಸ ಅಭ್ಯಾಸವಲ್ಲ.